ಹೆಂಡತಿಯ ಸ್ಪೌಸ್ ವೀಸಾ ಮುಗಿದುಹೋಗಿದೆಯಂತೆ, ಎಚ್‌ಆರ್ ಕೆಲಸ ನಿಲ್ಲಿಸ್ತೀವಿ ಅಂತಿದ್ದಾರೆ (ಯುಕೆ) – ಅರ್ಜೆಂಟ್

ಕೊಡಚಾದ್ರಿ · 17 ಸೆಪ್ಟೆಂಬರ್ 2025, ರಾತ್ರಿ 9:40

ತಲೆ ಕೆಟ್ಟುಹೋಗಿದೆ. ಹೆಂಡತಿದು ಸ್ಪೌಸ್ ವೀಸಾ. ಇವತ್ತು ಅವಳ ಆಫೀಸಿನ ಎಚ್‌ಆರ್ ಕರೆದು, ನಿಮ್ಮ ವೀಸಾ ಮುಗಿದು ತಿಂಗಳುಗಟ್ಟಲೆ ಆಗಿದೆ, ಶುಕ್ರವಾರದೊಳಗೆ ಹೊಸದು ತೋರಿಸದಿದ್ದರೆ ಸಂಬಳವಿಲ್ಲದ ರಜೆ ಅಂದಿದ್ದಾರೆ. ಮನೆಗೆ ಬಂದು ನೋಡಿದರೆ ನಿಜ, 31 ಡಿಸೆಂಬರ್ 2024 ಅಂತಲೇ ಇದೆ. ನನ್ನ ಲೆಕ್ಕದಲ್ಲಿ ಇನ್ನೂ ಟೈಮ್ ಇತ್ತು! ಈಗಲೇ ಎಕ್ಸ್‌ಟೆನ್ಶನ್ ಹಾಕಿ ಸೂಪರ್ ಪ್ರಯಾರಿಟಿಗೆ (ಹೆಚ್ಚು ದುಡ್ಡಿಗೆ ಬೇಗ ತೀರ್ಮಾನ) ದುಡ್ಡು ಕಟ್ಟಿದರೆ ಶುಕ್ರವಾರದೊಳಗೆ ಬರುತ್ತಾ? ದೀಪಾವಳಿಗೆ ಊರಿಗೆ ಟಿಕೆಟ್ ಬೇರೆ ಆಗಿದೆ. ಫಾರ್ಮ್ ಅರ್ಧ ತುಂಬಿದೀನಿ. ಗೊತ್ತಿರೋರು ಬೇಗ ಹೇಳಿ. ದಯವಿಟ್ಟು ‘ವಕೀಲರನ್ನ ಕೇಳಿ’ ಅಂತ ಯಾರೂ ಬರೀಬೇಡಿ.

ಸ್ಲೌ_ಸೋಮಾರಿ · ರಾತ್ರಿ 9:58

ವಕೀಲರನ್ನ ಕೇಳಿ. ಡಿಸೆಂಬರ್‌ಗೇ ಮುಗಿದಿದ್ದರೆ ಎಂಟೂವರೆ ತಿಂಗಳ ಓವರ್‌ಸ್ಟೇ ಆಯ್ತು. ತಡವಾಗಿ ಹಾಕೋದಕ್ಕೆ ಇರೋ ರಿಯಾಯಿತಿ 14 ದಿನ ಮಾತ್ರ, ಅದಕ್ಕೂ ಒಪ್ಪುವಂಥ ಕಾರಣ ಬೇಕು. ಇಷ್ಟು ದಿನ ಆದ ಮೇಲೆ ಕಾಯಂ ವಾಸಕ್ಕೆ 5 ವರ್ಷದ ದಾರಿ ಕೈತಪ್ಪಿತು ಅಂತಲೇ ಇಟ್ಕೊಳ್ಳಿ. ಏನಿದ್ದರೂ 10 ವರ್ಷದ ದಾರಿ.

ಹ್ಯಾರೋ_ಹುಬ್ಳಿ · ರಾತ್ರಿ 10:05

ಮೊದ್ಲ ಪಗಾರ ಎಷ್ಟೈತಿ ಹೇಳ್ರಿ. ಈಗ ವರ್ಷಕ್ಕ 29,000 ಪೌಂಡ್ ಬೇಕು. ಅದಿಲ್ಲ ಅಂದ್ರ ಉಳಿದದ್ದೆಲ್ಲಾ ಮಾತಾಡಿ ಉಪಯೋಗಿಲ್ಲ.

ಸ್ಲೌ_ಸೋಮಾರಿ · ರಾತ್ರಿ 10:11

ಪಗಾರ ಆಮೇಲೆ ಮಾರಾಯ್ರೇ. ಅವಧಿ ಇರುವಾಗಲೇ ಅರ್ಜಿ ಹಾಕಿದ್ದರೆ ಸೆಕ್ಷನ್ 3ಸಿ (ತೀರ್ಮಾನ ಬರೋವರೆಗೆ ಹಳೇ ವೀಸಾದ ಹಕ್ಕು ಮುಂದುವರಿಸೋ ಕಾನೂನು) ಕಾಪಾಡುತ್ತಿತ್ತು, ಮುಗಿದ ಮೇಲೆ ಹಾಕಿದರೆ ಅದು ಬರೋದೇ ಇಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿ. ಹೋದರೆ ವಾಪಸ್ ಬಿಡಲ್ಲ.

ಲೀಡ್ಸ್ಅಕ್ಕ · ರಾತ್ರಿ 10:20

ಒಂದು ನಿಮಿಷ. ಆ ತಾರೀಖು *ಯಾವುದರ ಮೇಲೆ* ಇದೆ ಕೊಡಚಾದ್ರಿ? ಗುಲಾಬಿ ಬಣ್ಣದ ಬಿಆರ್‌ಪಿ (ವಾಸದ ಪರವಾನಗಿ) ಕಾರ್ಡಾ?

ಹಾಗಾದರೆ ಎಲ್ಲರೂ ಸ್ವಲ್ಪ ತಡೀರಿ. ಕಾರ್ಡ್ ವ್ಯವಸ್ಥೆ ತೆಗೆದು ಇ-ವೀಸಾಕ್ಕೆ (ಆನ್‌ಲೈನ್ ದಾಖಲೆ) ಹೋಗ್ತಿದ್ದರಿಂದ, ವೀಸಾ 2025ಕ್ಕೋ 2026ಕ್ಕೋ ಮುಗಿಯೋರಿಗೂ ಕಾರ್ಡಿನ ಮೇಲೆ 31 ಡಿಸೆಂಬರ್ 2024 ಅಂತಲೇ ಅಚ್ಚಾಗಿದೆ. ಅವತ್ತು ಮುಗಿದದ್ದು ಕಾರ್ಡಿನ ಆಯಸ್ಸು. ವೀಸಾ ಎಲ್ಲೀವರೆಗೆ ಅನ್ನೋದು ಡಿಸಿಷನ್ ಲೆಟರ್‌ನಲ್ಲಿ, ಇ-ವೀಸಾದಲ್ಲಿ ಇರುತ್ತೆ.

ಇಷ್ಟು ಹೇಳಿ: ಮೊದಲ ಅರ್ಜಿ ಹಾಕಿದ್ದು ಯಾವಾಗ, ವೀಸಾ ಶುರುವಾದ ದಿನ, ಅವರು ಇಲ್ಲಿಗೆ ಬಂದಿಳಿದ ದಿನ, ಯುಕೆವಿಐ (ವೀಸಾ ಇಲಾಖೆ) ಖಾತೆ ಇದೆಯಾ, ನಿಮ್ಮ ಸ್ಟೇಟಸ್ ಏನು, ಇಬ್ಬರ ಸಂಬಳ ಎಷ್ಟು, ಎಷ್ಟು ದಿನದಿಂದ. ಇವಿಲ್ಲದೆ ಉತ್ತರ ಹೇಳೋದು ಕಣಿ ಹೇಳಿದ ಹಾಗೆ.

ಸ್ಲೌ_ಸೋಮಾರಿ · ರಾತ್ರಿ 10:26

ಸರ್ಕಾರದ ಕಾರ್ಡಿನ ಮೇಲೆ ‘ಇಲ್ಲೀವರೆಗೆ ಮಾನ್ಯ’ ಅಂತ ಇದ್ದರೆ ಅದೇ ಕೊನೆ. ಎಚ್‌ಆರ್‌ನೋರು ಸುಮ್ಮನೆ ಹೇಳ್ತಾರಾ?

ಲೀಡ್ಸ್ಅಕ್ಕ · ರಾತ್ರಿ 10:31

ಹೇಳ್ತಾರೆ. ಕೆಲಸದ ಹಕ್ಕಿನ ತಪಾಸಣೆಗೆ ಬಿಆರ್‌ಪಿ ಕಾರ್ಡ್ ನೋಡೋದು 2022ರ ಏಪ್ರಿಲ್ 6ರಿಂದಲೇ ನಡೆಯಲ್ಲ. ಉದ್ಯೋಗಿ ತನ್ನ ಇ-ವೀಸಾ ಖಾತೆಯಿಂದ ಕೊಡೋ ಷೇರ್ ಕೋಡ್ ತಗೊಂಡು ಆನ್‌ಲೈನ್‌ನಲ್ಲೇ ನೋಡಬೇಕು. ಇನ್ನೂ ಜೆರಾಕ್ಸ್ ಫೈಲ್ ಮಾಡೋ ಎಚ್‌ಆರ್ ಬೇಕಾದಷ್ಟಿದ್ದಾರೆ.

ಕೊಡಚಾದ್ರಿ · ರಾತ್ರಿ 11:02

ಕಾರ್ಡ್ ಮೇಲಿನ ತಾರೀಖೇ, ಮತ್ತೆಲ್ಲಿರುತ್ತೆ? ಎಲ್ಲರಿಗೂ ಗೊತ್ತು ಅಂದ್ಕೊಂಡೆ.

ನಾನು ಬ್ರಿಟಿಷ್ ಸಿಟಿಜನ್. ಅರ್ಜಿ ಹಾಕಿದ್ದು 2022ರ ಕೊನೆಗೆ. ಹಳೇ ಮೇಲ್ ತೆಗೆದೆ. ಲೆಟರ್‌ನಲ್ಲಿ 2 ಮಾರ್ಚ್ 2023ರಿಂದ 2 ಡಿಸೆಂಬರ್ 2025 ಅಂತ ಇದೆ. ಅವಳು ಬಂದಿದ್ದು 20 ಮೇ 2023. ಇ-ವೀಸಾ ಖಾತೆ ಮಾಡಿಲ್ಲ, ಮೇಲ್ ಬಂದಿತ್ತು, ಆಮೇಲೆ ನೋಡೋಣ ಅಂತ ಬಿಟ್ಟಿದ್ವಿ. ಅವಳ ಸಂಬಳ 24,300, ಆಗಸ್ಟ್ 2024ರಿಂದ ಒಂದೇ ಕಂಪನಿ. ನನ್ನದು 41,000, ಕೆಲಸ ಬದಲಾಯಿಸಿ ನಾಲ್ಕು ತಿಂಗಳಾಯ್ತು. ಅವಳ ಪಾಸ್‌ಪೋರ್ಟ್ ಈ ವರ್ಷ ರಿನ್ಯೂ ಆಗಿದೆ, ಅದಕ್ಕೂ ಇದಕ್ಕೂ ಏನು ಸಂಬಂಧ ಗೊತ್ತಿಲ್ಲ.

ಹ್ಯಾರೋ_ಹುಬ್ಳಿ · ರಾತ್ರಿ 11:09

ಅಲ್ಲೇ ಸಿಕ್ಕೊಂಡ್ರಿ ನೋಡ್ರಿ. ನಿಮ್ದು ಆರು ತಿಂಗಳ ಆಗಿಲ್ಲ, ಎ ವರ್ಗ (ಒಂದ ಕಂಪನ್ಯಾಗ ಆರು ತಿಂಗಳ ಪಗಾರ ತೋರ್ಸೋದು) ಹೋತು. ಅವರದು 24,300, 29,000ಕ್ಕ ಕಡಿಮಿ. ಎರಡೂ ಕಡೆ ಬಾಗಲಾ ಬಂದ್.

ಲೀಡ್ಸ್ಅಕ್ಕ · ರಾತ್ರಿ 11:38

ಬಾಗಿಲು ತೆರೆದೇ ಇದೆ ಹುಬ್ಳಿಯವರೇ. 2024ರ ಏಪ್ರಿಲ್ 11ಕ್ಕೆ ಮೊದಲೇ ಅರ್ಜಿ ಹಾಕಿ ಈ ದಾರಿಗೆ ಬಂದೋರು, ಅದೇ ಸಂಗಾತಿ ಜೊತೆ ಎಕ್ಸ್‌ಟೆನ್ಶನ್ ಹಾಕಿದರೆ ಹಳೇ ಮಿತಿ 18,600 ಸಾಕು. ಎಕ್ಸ್‌ಟೆನ್ಶನ್‌ನಲ್ಲಿ ಅರ್ಜಿದಾರರ ಸ್ವಂತ ದುಡಿಮೆಯೂ ಲೆಕ್ಕಕ್ಕೆ ಬರುತ್ತೆ. ಅಂದರೆ ಅವರ 24,300 ಒಂದೇ ಸಾಕು, ಕೊಡಚಾದ್ರಿಯ ಪೇಸ್ಲಿಪ್ ಬೇಕೇ ಇಲ್ಲ. ಬಿ ವರ್ಗದಲ್ಲಿ ಕೊಡಚಾದ್ರಿಯ ಸಂಬಳವನ್ನೂ ತೋರಿಸಬಹುದು, ಆದರೆ ಆಗ 12 ತಿಂಗಳ ಕಾಗದ, ಹಳೇ ಕಂಪನಿಯದ್ದೂ ಸೇರಿ. ಸುಮ್ಮನೆ ಹೊರೆ.

ಈಗ ಶುಕ್ರವಾರದ ವಿಷಯ, ಯಾಕಂದ್ರೆ ನಿಜವಾದ ಅಪಾಯ ಅಲ್ಲೇ ಇದೆ. ಮಾಸಿಕ ಸಂಬಳದವರಿಗೆ ಎ ವರ್ಗದಲ್ಲಿ ಕೊನೆಯ ಆರು ತಿಂಗಳ ಪೇಸ್ಲಿಪ್‌ನಲ್ಲಿ ಅತಿ ಕಡಿಮೆ ಇರೋ ತಿಂಗಳನ್ನೇ ಹಿಡಿದು ವರ್ಷದ ಲೆಕ್ಕ ಮಾಡ್ತಾರೆ. 18,600ಕ್ಕೆ ತಿಂಗಳಿಗೆ 1,550, ಅವರಿಗೆ ಬರೋದು 2,025. ಎಚ್‌ಆರ್ ಎರಡು ವಾರ ಸಂಬಳವಿಲ್ಲದ ರಜೆ ಕೊಟ್ಟರೆ ಆ ತಿಂಗಳು 1,550ಕ್ಕಿಂತ ಕೆಳಗೆ ಬಂತು, ನವೆಂಬರ್‌ನ ಅರ್ಜಿಗೆ ಅದೇ ಏಟು. ಇಲ್ಲದ ಸಮಸ್ಯೆಯಿಂದ ನಿಜವಾದ ಸಮಸ್ಯೆ ಹುಟ್ಟೋದು ಹೀಗೆ.

ಆದ್ದರಿಂದ ಇವತ್ತು ರಾತ್ರಿಯೇ ಯುಕೆವಿಐ ಖಾತೆ ತೆರೀರಿ. ಅವಧಿ ಮುಗಿದ ಬಿಆರ್‌ಪಿ ನಂಬರ್ ಹಾಕಿದರೂ ಆಗುತ್ತೆ, ಅದಕ್ಕೇ ಕಾರ್ಡ್ ಬಿಸಾಕಬೇಡಿ ಅನ್ನೋದು. ಇಮೇಲ್, ಫೋನ್ ನಂಬರ್ ಎರಡೂ ಅವರದ್ದೇ ಕೊಡಿಸಿ, ನಿಮ್ಮದಲ್ಲ. ಗುರುತಿನ ಆ್ಯಪ್‌ನಲ್ಲಿ ಕಾರ್ಡ್ ಮತ್ತು ಮುಖ ಸ್ಕ್ಯಾನ್. ಒಳಗೆ ಹೋದ ಮೇಲೆ ಅವಧಿ 2 ಡಿಸೆಂಬರ್ 2025 ಅಂತ ಇದೆಯಾ ನೋಡಿ, ಕೆಲಸದ ಹಕ್ಕಿಗೆ ಅಂತ ಷೇರ್ ಕೋಡ್ ತಗೊಳ್ಳಿ. ಅದು ‘ಡಬ್ಲ್ಯು’ದಿಂದ ಶುರುವಾಗಬೇಕು. ‘ಆರ್’ ಬಾಡಿಗೆ ಮನೆಗೆ, ‘ಎಸ್’ ಬೇರೆ ಕೆಲಸಗಳಿಗೆ. ಕೋಡ್ 90 ದಿನ ನಡೆಯುತ್ತೆ. ಕೋಡ್, ಹುಟ್ಟಿದ ದಿನಾಂಕ ಎರಡನ್ನೂ ಎಚ್‌ಆರ್‌ಗೆ ಮೇಲ್ ಮಾಡಿ. ಬಾಯಲ್ಲಿ ಹೇಳಬೇಡಿ, ಮೇಲ್ ದಾಖಲೆಯಾಗಿರಲಿ.

ಪಾಸ್‌ಪೋರ್ಟಿಗೆ ಸಂಬಂಧ ಖಂಡಿತ ಇದೆ. ಹೊಸ ಪಾಸ್‌ಪೋರ್ಟ್ ಆ ಖಾತೆಗೆ ಸೇರಿಸದಿದ್ದರೆ ಊರಿಂದ ವಾಪಸ್ ಬರುವಾಗ ಚೆಕ್-ಇನ್ ಕೌಂಟರಿನಲ್ಲಿ ವೀಸಾ ಕಾಣಿಸದೆ ನಿಲ್ಲಿಸ್ತಾರೆ. ಸೇರಿಸಿ, ಹಳೇದನ್ನೂ ಜೊತೆಗೆ ಒಯ್ಯಿರಿ.

ಸ್ಲೌ_ಸೋಮಾರಿ · ರಾತ್ರಿ 11:51

ಸರಿ, ಬಿಆರ್‌ಪಿ ವಿಷಯ ಒಪ್ಪಿದೆ ಅಂತಲೇ ಇಟ್ಕೊಳ್ಳೋಣ. ಆದ್ರೂ ಫಾರ್ಮ್ ಅರ್ಧ ತುಂಬಿದ್ದಾರಲ್ಲ, ಈಗಲೇ ಹಾಕಿ ಮುಗಿಸೋದು ಒಳ್ಳೇದಲ್ವಾ? ಡಿಸೆಂಬರ್ ತನಕ ಯಾಕೆ ಕಾಯಬೇಕು?

ಲೀಡ್ಸ್ಅಕ್ಕ · 18 ಸೆಪ್ಟೆಂಬರ್, ಬೆಳಗ್ಗೆ 7:15

ಹಾಕಬೇಡಿ. ಸೂಪರ್ ಪ್ರಯಾರಿಟಿಯಂತೂ ಬೇಡವೇ ಬೇಡ.

ಐಎಲ್‌ಆರ್‌ಗೆ (ಕಾಯಂ ವಾಸದ ಅನುಮತಿ) 60 ತಿಂಗಳು ತುಂಬಬೇಕು, ಬಂದಿಳಿದ ದಿನದಿಂದ ಎಣಿಸೋದು ಸುರಕ್ಷಿತ. ಇವರಿಗೆ ಅದು 20 ಮೇ 2028. ಅದಕ್ಕೆ 28 ದಿನ ಮೊದಲು, ಅಂದರೆ 22 ಏಪ್ರಿಲ್ 2028ರಿಂದ ಐಎಲ್‌ಆರ್ ಹಾಕಬಹುದು. ಎಕ್ಸ್‌ಟೆನ್ಶನ್ ಸಿಗೋದು ತೀರ್ಮಾನದ ದಿನದಿಂದ 30 ತಿಂಗಳು, ಉಳಿದಿರೋ ಹಳೇ ಅವಧಿಯಲ್ಲಿ ಹೆಚ್ಚೆಂದರೆ 28 ದಿನ ಸೇರಿಸ್ತಾರೆ. ಈ 20ಕ್ಕೆ ಮಂಜೂರಾಯ್ತು ಅಂದ್ಕೊಳ್ಳಿ: 20 ಮಾರ್ಚ್ 2028, ಮೇಲೆ 28 ದಿನ, 17 ಏಪ್ರಿಲ್. ಐಎಲ್‌ಆರ್ ಬಾಗಿಲು ತೆರೆಯೋದು 22ಕ್ಕೆ. ಐದು ದಿನ ಕಮ್ಮಿ! ಅದಕ್ಕೋಸ್ಕರ ಮತ್ತೊಂದು ಎಕ್ಸ್‌ಟೆನ್ಶನ್, ಮತ್ತೆ ಪೂರ್ತಿ ಶುಲ್ಕ. ಸೂಪರ್ ಪ್ರಯಾರಿಟಿಗೆ 1,000 ಪೌಂಡ್ ಕೊಟ್ಟು ನಷ್ಟವನ್ನು ಕೊಂಡುಕೊಂಡ ಹಾಗೆ.

ವೀಸಾ ಮುಗಿಯೋಕೆ 28 ದಿನ ಇರುವಾಗ, ಅಂದರೆ ನವೆಂಬರ್ 4ರಿಂದ ಡಿಸೆಂಬರ್ 2ರ ನಡುವೆ ಹಾಕಿ. ಕೊನೇ ದಿನಕ್ಕೆ ಇಡಬೇಡಿ, ಪೇಮೆಂಟ್ ಕೈಕೊಟ್ಟರೆ ಕಷ್ಟ. ಸಬ್ಮಿಟ್ ಮಾಡಿ ದುಡ್ಡು ಕಟ್ಟಿದ ದಿನವೇ ಅರ್ಜಿ ದಿನ. ಬಯೋಮೆಟ್ರಿಕ್ (ಬೆರಳಚ್ಚು, ಫೋಟೋ) ಅಪಾಯಿಂಟ್‌ಮೆಂಟ್ ಡಿಸೆಂಬರ್ 2 ದಾಟಿ ಸಿಕ್ಕರೂ ತೊಂದರೆ ಇಲ್ಲ, ಸೋಮಾರಿಯವರು ಹೇಳಿದ 3ಸಿ ಆಗ ಕೆಲಸಕ್ಕೆ ಬರುತ್ತೆ. ಆ ಹಂತದಲ್ಲಿ ಎಚ್‌ಆರ್ ಮತ್ತೆ ಕೊಸರಿದರೆ, ಹೋಮ್ ಆಫೀಸಿನ ಎಂಪ್ಲಾಯರ್ ಚೆಕಿಂಗ್ ಸರ್ವಿಸ್‌ನಲ್ಲಿ ಕೇಳಲಿ. ಅಲ್ಲಿಂದ ಬರೋ ಒಪ್ಪಿಗೆ ನೋಟಿಸ್ ಅವರಿಗೆ ಆರು ತಿಂಗಳ ರಕ್ಷಣೆ.

ದೀಪಾವಳಿಗೆ ಆರಾಮಾಗಿ ಹೋಗಿಬನ್ನಿ, ಅರ್ಜಿ ಹಾಕೋ ಮೊದಲು. ಹಾಕಿದ ಮೇಲೆ ತೀರ್ಮಾನ ಬರೋವರೆಗೆ ಯುಕೆ, ಐರ್ಲೆಂಡ್, ಚಾನೆಲ್ ದ್ವೀಪಗಳು, ಐಲ್ ಆಫ್ ಮ್ಯಾನ್ ಬಿಟ್ಟು ಹೊರಗೆ ಕಾಲಿಟ್ಟರೆ ಅರ್ಜಿ ವಾಪಸ್ ತಗೊಂಡ ಹಾಗೆ.

ಪಿಡಿಎಫ್‌ಪುರಾಣ · ಬೆಳಗ್ಗೆ 8:30

ಅಕ್ಕ ಎಲ್ಲಾ ಹೇಳಿದ್ದಾರೆ, ಕಾಗದದ ಕಡೆ ನನ್ನದೊಂದಿಷ್ಟು.

ಒಟ್ಟಿಗೆ ಬಾಳುತ್ತಿರೋದಕ್ಕೆ ಸಾಕ್ಷಿ: ಇಬ್ಬರ ಹೆಸರೂ ಇರೋ 6 ಪತ್ರ, ಕನಿಷ್ಠ 3 ಬೇರೆ ಬೇರೆ ಮೂಲದಿಂದ, ಎರಡು ವರ್ಷಕ್ಕೆ ಹರಡಿರಬೇಕು. ಜಂಟಿ ಹೆಸರಿನದು ಇಲ್ಲದಿದ್ದರೆ ಒಬ್ಬೊಬ್ಬರದೂ ಆರಾರು, ಅದೇ ವಿಳಾಸಕ್ಕೆ ಬಂದವು. ಒಂದೇ ಬ್ಯಾಂಕಿನ ನಾಲ್ಕು ಸ್ಟೇಟ್‌ಮೆಂಟ್ ಇಟ್ಟರೂ ಮೂಲ ಒಂದೇ. ಕೌನ್ಸಿಲ್ ಟ್ಯಾಕ್ಸ್, ಜಿಪಿ (ಡಾಕ್ಟರ್) ಪತ್ರ, ಎಚ್‌ಎಂಆರ್‌ಸಿ (ತೆರಿಗೆ ಇಲಾಖೆ), ಡಿವಿಎಲ್‌ಎ (ಡ್ರೈವಿಂಗ್ ಲೈಸೆನ್ಸ್ ಇಲಾಖೆ), ಕರೆಂಟ್-ಗ್ಯಾಸ್ ಬಿಲ್ಲು ಚೆನ್ನಾಗಿ ನಡೆಯುತ್ತೆ. ಎಲ್ಲವೂ ಕಳೆದ ಮೂರು ತಿಂಗಳದ್ದೇ ಆಗಿಬಿಡೋದು ಮಾಮೂಲಿ ತಪ್ಪು. 2023ರ ಕೊನೆಯದ್ದೂ ಇರಲಿ.

ಸಂಬಳಕ್ಕೆ: 6 ತಿಂಗಳ ಪೇಸ್ಲಿಪ್, ಅದೇ 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ. ಕೈಗೆ ಬರೋ ಮೊತ್ತ ಎರಡರಲ್ಲೂ ಪೈಸೆ ಪೈಸೆ ತಾಳೆಯಾಗಬೇಕು. ಕೊನೇ ಕಾಗದ ಅರ್ಜಿ ದಿನಕ್ಕೆ 28 ದಿನಕ್ಕಿಂತ ಹಳೇದಾಗಿರಬಾರದು. ಕಂಪನಿ ಪತ್ರದಲ್ಲಿ ಕೆಲಸದ ಬಗೆ, ಸೇರಿದ ದಿನ, ಸಂಬಳ, ಈ ಸಂಬಳ ಯಾವಾಗಿನಿಂದ ಅನ್ನೋ ನಾಲ್ಕೂ ಇರಲಿ. ಬರೆದುಕೊಡೋದು ಅದೇ ಎಚ್‌ಆರ್, ಹಾಗಾಗಿ ಮೇಲ್‌ನಲ್ಲಿ ಜಾಸ್ತಿ ಕೂಗಾಡಬೇಡಿ.

ಇಂಗ್ಲಿಷ್: ಮೊದಲ ಸಲ ಎ1 (ಆರಂಭದ ಮಟ್ಟ) ಪರೀಕ್ಷೆ ಆಗಿದ್ದರೆ ಈಗ ಅದರ ಮೇಲಿನ ಎ2 ಬೇಕು. ಟ್ರಿನಿಟಿ ಗ್ರೇಡ್ 3 ಅಥವಾ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಎ2. ಇಂಗ್ಲಿಷ್ ಮಾಧ್ಯಮದ ಡಿಗ್ರಿ ಇದ್ದರೆ ಎಕ್ಟಿಸ್ (ವಿದೇಶಿ ಡಿಗ್ರಿ ಪರಿಶೀಲಿಸೋ ಸಂಸ್ಥೆ) ಕಡೆಯಿಂದ ದೃಢೀಕರಣ ತರಿಸಿ, ಪರೀಕ್ಷೆ ಬೇಡ. ಇದನ್ನ ಅಕ್ಟೋಬರ್‌ನಲ್ಲೇ ಮುಗಿಸಿ. ಟಿಬಿ ಪರೀಕ್ಷೆ ಬೇಡ, ಲೈಫ್ ಇನ್ ದ ಯುಕೆ (ದೇಶದ ಬಗ್ಗೆ ಸಾಮಾನ್ಯ ಜ್ಞಾನದ ಪರೀಕ್ಷೆ) ಈ ಹಂತಕ್ಕೆ ಬೇಡ.

ದುಡ್ಡು (2025ರ ದರ): ಅರ್ಜಿಗೆ 1,321, ಹೆಲ್ತ್ ಸರ್‌ಚಾರ್ಜ್ (ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟೋದು) ವರ್ಷಕ್ಕೆ 1,035ರಂತೆ ಎರಡೂವರೆ ವರ್ಷಕ್ಕೆ 2,587.50. ಒಟ್ಟು 3,908.50 ಪೌಂಡ್ ಒಂದೇ ಏಟಿಗೆ. ಕಾರ್ಡ್ ಲಿಮಿಟ್ ಮೊದಲೇ ನೋಡ್ಕೊಳ್ಳಿ. ಅರ್ಜಿ ತಿರಸ್ಕಾರ ಆದರೆ ಸರ್‌ಚಾರ್ಜ್ ವಾಪಸ್ ಬರುತ್ತೆ, ಅರ್ಜಿ ಶುಲ್ಕ ಹೋದಂತೆಯೇ.

ಅಂದಹಾಗೆ ಸ್ಕ್ಯಾನ್ ಫೋನಿನಲ್ಲಿ ಬೇಡ. ನನ್ನ ಹತ್ರ ಎರಡೂ ಬದಿ ಒಟ್ಟಿಗೆ ಎಳೆಯೋ ಶೀಟ್ ಫೀಡರ್ ಇದೆ, 300 ಡಿಪಿಐ, ಕಪ್ಪು-ಬಿಳುಪು, ಪ್ರತಿ ಕಂತೆಗೂ ಬುಕ್‌ಮಾರ್ಕ್, ಫೈಲ್ ಹೆಸರು ತಾರೀಖಿನಿಂದ ಶುರು. ಎಕ್ಸೆಲ್‌ನಲ್ಲಿ ಸೂಚಿ, ಕಾಗದ ಹಳೇದಾದರೆ ಸಾಲು ತಾನೇ ಕೆಂಪಾಗುತ್ತೆ.

ಹ್ಯಾರೋ_ಹುಬ್ಳಿ · ಬೆಳಗ್ಗೆ 8:44

ಕೆಂಪ ಸಾಲಿಗೆ ವೀಸಾ ಕೊಡಂಗಿಲ್ರಿ. ಫೋನಿನ ಸ್ಕ್ಯಾನ್ ನೆಟ್ಟಗ ಓದಾಕ ಬಂದ್ರ ಸಾಕು.

ಪಿಡಿಎಫ್‌ಪುರಾಣ · ಬೆಳಗ್ಗೆ 8:49

ಮೂಲೆ ಕತ್ತರಿಸಿಹೋದ, ನೆರಳು ಬಿದ್ದ ಪೇಸ್ಲಿಪ್ ಅಪ್‌ಲೋಡ್ ಮಾಡಿ, ‘ಮತ್ತೆ ಕಳಿಸಿ’ ಅಂತ ಮೇಲ್ ಬಂದು ವಾರಗಟ್ಟಲೆ ಎಳೆದಾಗ ಗೊತ್ತಾಗುತ್ತೆ.

ಸ್ಲೌ_ಸೋಮಾರಿ · ಬೆಳಗ್ಗೆ 9:02

ಅಪಾಯಿಂಟ್‌ಮೆಂಟ್ ಸೆಂಟರಿನಲ್ಲೇ ದುಡ್ಡು ಕೊಟ್ಟರೆ ಅವರೇ ಸ್ಕ್ಯಾನ್ ಮಾಡ್ತಾರೆ. ನಿಮ್ಮ ಮಷೀನ್ ಪುರಾಣ ಬೇರೆ ಕಡೆ ಬರೀರಿ.

ಕೊಡಚಾದ್ರಿ · 19 ಸೆಪ್ಟೆಂಬರ್, ಮಧ್ಯಾಹ್ನ 1:20

ಖಾತೆ ಆಯ್ತು, 2 ಡಿಸೆಂಬರ್ 2025 ಅಂತಲೇ ತೋರಿಸ್ತಿದೆ. ಎಚ್‌ಆರ್ ಕೋಡ್ ಹಾಕಿ ನೋಡಿ ಸುಮ್ಮನಾದರು, ‘ಸಾರಿ’ ಅಂತಲೂ ಇಲ್ಲ. ಫಾರ್ಮ್ ಹಾಗೇ ಬಿಟ್ಟಿದೀನಿ.

ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಪೇಸ್ಲಿಪ್‌ನಲ್ಲಿ ಬರೀ ಇನಿಶಿಯಲ್ ‘ಕೆ’. ಬ್ಯಾಂಕಿನಲ್ಲಿ ಇನಿಶಿಯಲ್ ಕೂಡ ಇಲ್ಲ. ತೊಂದರೆ ಆಗುತ್ತಾ?

ಲೀಡ್ಸ್ಅಕ್ಕ · ಮಧ್ಯಾಹ್ನ 1:47

ನಮ್ಮವರದ್ದು ಎಲ್ಲರದೂ ಇದೇ ಗೋಳು. ಕಂಪನಿ ಪತ್ರದಲ್ಲಿ ಪಾಸ್‌ಪೋರ್ಟಿನ ಪೂರ್ತಿ ಹೆಸರು ಹಾಕಿಸಿ, ‘ಪೇರೋಲ್‌ನಲ್ಲಿ ಈ ಹೆಸರಿನಲ್ಲಿರುವವರೂ ಇವರೇ’ ಅಂತ ಒಂದು ಸಾಲು ಬರೆಸಿ. ಬ್ಯಾಂಕಿನಲ್ಲಿ ಈಗಲೇ ಪೂರ್ತಿ ಹೆಸರಿಗೆ ಬದಲಾಯಿಸಿದರೆ ಮುಂದಿನ ಸ್ಟೇಟ್‌ಮೆಂಟ್‌ಗಳು ಸರಿಯಾಗಿ ಬರುತ್ತೆ. ಹಳೇವಕ್ಕೆ ಸಂಬಳ ಜಮಾ ಆದ ಮೊತ್ತವೇ ಕೊಂಡಿ. ಫಾರ್ಮ್‌ನಲ್ಲಿ ‘ಬೇರೆ ಹೆಸರುಗಳು’ ಅಂತ ಕೇಳೋ ಕಡೆ ಎರಡನ್ನೂ ಬರೀರಿ.

ಕಾವೇರಿತೀರ · ರಾತ್ರಿ 8:12

ನನ್ನದೂ ಇದೇ ಕೇಸ್, 18,600 ನನಗೂ ಸಾಕಲ್ವಾ? ಫಿಯಾನ್ಸೆ ವೀಸಾ (ಇಲ್ಲಿ ಬಂದು ಮದುವೆಯಾಗೋರದ್ದು), ಮುಂದಿನ ತಿಂಗಳು ಮುಗಿಯುತ್ತೆ.

ಲೀಡ್ಸ್ಅಕ್ಕ · ರಾತ್ರಿ 8:30

ಇದೇ ಕೇಸ್ ಅಲ್ಲ. ಫಿಯಾನ್ಸೆ ವೀಸಾ ಆರೇ ತಿಂಗಳದ್ದು, ಮುಂದಿನ ತಿಂಗಳು ಮುಗಿಯುತ್ತೆ ಅಂದರೆ ನೀವು ಅರ್ಜಿ ಹಾಕಿದ್ದು 2024ರ ಏಪ್ರಿಲ್ 11ರ ನಂತರವೇ ಇರಬೇಕು. ಹಾಗಾದರೆ 29,000. ಆ ಆರು ತಿಂಗಳು ಐಎಲ್‌ಆರ್‌ನ 60 ತಿಂಗಳ ಲೆಕ್ಕಕ್ಕೂ ಸೇರಲ್ಲ, ಅದರಲ್ಲಿ ಕೆಲಸ ಮಾಡೋ ಹಾಗೂ ಇಲ್ಲ, ಹಾಗಾಗಿ ಲೆಕ್ಕ ಬರೀ ಸಂಗಾತಿಯ ಸಂಬಳದ ಮೇಲೆ. ಮದುವೆ ರಿಜಿಸ್ಟರ್ ಆಗಿದೆಯಾ? ಹೊಸ ಚರ್ಚೆ ತೆರೆದು ತಾರೀಖುಗಳನ್ನೆಲ್ಲ ಹಾಕಿ.

ಹ್ಯಾರೋ_ಹುಬ್ಳಿ · ರಾತ್ರಿ 8:41

ನಾ ಮೊದ್ಲ ಹೇಳಿದ್ನೆಲ್ರಿ, 29,000 ಅಂತ.