‘ಸಿ++’ ಹುಡುಕಿದರೆ ಬರೀ ‘ಸಿ’ ಆಗುತ್ತದೆ, ಲಾಗಿನ್ ಆದ ಮೇಲೆ ಕನ್ನಡದ ಲಿಂಕ್ ಕೆಡುತ್ತದೆ: ಯುಆರ್‌ಎಲ್ ಎಸ್ಕೇಪಿಂಗ್ ಎಲ್ಲಿ ತಪ್ಪುತ್ತಿದೆ?

ಪುಸ್ತಕದ_ಕಪಾಟು:

ಎಲ್ಲರಿಗೂ ನಮಸ್ಕಾರ. ಒಂದು ಕಾಲೇಜು ಲೈಬ್ರರಿಯ ಪುಸ್ತಕ ಹುಡುಕುವ ವೆಬ್ ಆ್ಯಪ್ ನೋಡಿಕೊಳ್ಳುತ್ತಿದ್ದೇನೆ. ಕೋಡ್ ಹಳೆಯದು, ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಮುಂದೆ ಎಂಜಿನ್‌ಎಕ್ಸ್, ಅದರ ಹಿಂದೆ ಅಪಾಚೆ (ಎರಡೂ ವೆಬ್ ಸರ್ವರ್‌ಗಳು), ಒಳಗೆ ಪಿಎಚ್‌ಪಿ. ಬ್ರೌಸರ್ ಕಡೆ ಸಾದಾ ಜಾವಾಸ್ಕ್ರಿಪ್ಟ್.

‘ಸಿ++’ ಅಂತ ಹುಡುಕಿದರೆ ಎರಡು ಪ್ಲಸ್ ಮಾಯವಾಗಿ ‘ಸಿ’ ಮಾತ್ರ ಉಳಿಯುತ್ತದೆ. ‘ಕಥೆ & ಕವನ’ ಅಂತ ಕೊಟ್ಟರೆ ಬರೀ ‘ಕಥೆ’ಯ ಫಲಿತಾಂಶ ಬರುತ್ತದೆ. ಲಾಗಿನ್ ಇಲ್ಲದೆ ‘ಕನ್ನಡ’ ಹುಡುಕಿ, ಆಮೇಲೆ ಲಾಗಿನ್ ಆದರೆ ಹುಡುಕಾಟದ ಪೆಟ್ಟಿಗೆಯಲ್ಲಿ ಪದದ ಬದಲು ಪರ್ಸೆಂಟ್ ಚಿಹ್ನೆಗಳ ಸಾಲು ಕಾಣುತ್ತದೆ. ಇನ್ನೊಂದು, ‘2018/19’ರ ವಾರ್ಷಿಕ ಸಂಚಿಕೆಯ ಲಿಂಕ್ ಒತ್ತಿದರೆ 404, ಅಂದರೆ ‘ಪುಟ ಸಿಗಲಿಲ್ಲ’.

ಇದೆಲ್ಲಾ ಒಂದೇ ದೋಷವೋ ಬೇರೆ ಬೇರೆಯೋ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಸರ್ವರ್_ಕಾವಲು:

ನಮಸ್ಕಾರ. ಮೊದಲು ಒಂದು ಮಾತು: ಅಡ್ರೆಸ್ ಬಾರ್ ನೋಡಿ ಏನನ್ನೂ ತೀರ್ಮಾನಿಸಬೇಡಿ. ನಮಗೆ ಓದಲು ಸುಲಭವಾಗಲಿ ಅಂತ ಬ್ರೌಸರ್ ಅಲ್ಲಿ ಕನ್ನಡವನ್ನು ಬಿಡಿಸಿ ತೋರಿಸುತ್ತದೆ. ನಿಜವಾಗಿ ಏನು ಹೋಗಿದೆ ಅನ್ನುವುದು ಎಂಜಿನ್‌ಎಕ್ಸ್‌ನ ಆ್ಯಕ್ಸೆಸ್ ಲಾಗ್‌ನಲ್ಲಿ (ಬಂದ ಪ್ರತಿ ಕೋರಿಕೆಯನ್ನೂ ಬರೆದಿಡುವ ಫೈಲ್) ಇದೆ.

‘ಕನ್ನಡ’ ಅನ್ನುವ ಪದವನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ಕ, ನ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ, ಮತ್ತೆ ನ, ಡ: ಯೂನಿಕೋಡ್ ಲೆಕ್ಕದಲ್ಲಿ 5. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಪ್ರತಿ ಅಕ್ಷರಕ್ಕೂ 3 ಬೈಟ್, ಅಂದರೆ ಒಟ್ಟು 15 ಬೈಟ್. ಒಂದು ಬೈಟ್ ಎಸ್ಕೇಪ್ ಆದರೆ, ಅಂದರೆ ಯುಆರ್‌ಎಲ್‌ನಲ್ಲಿ ಸುರಕ್ಷಿತವಾಗಿ ಹೋಗುವ ರೂಪಕ್ಕೆ ಬದಲಾದರೆ, ಒಂದು % ಮತ್ತು ಎರಡು ಹೆಕ್ಸ್ ಅಂಕಿ, ಹೀಗಾಗಿ ಸರಿಯಾಗಿ ಹೋದ ‘ಕನ್ನಡ’ದ ಉದ್ದ ಲಾಗ್‌ನಲ್ಲಿ 45. ಎರಡನೇ ಸಲ ಎಸ್ಕೇಪ್ ಆದರೆ ಪ್ರತಿ % ಚಿಹ್ನೆಯೂ %25 ಆಗುತ್ತದೆ, ಉದ್ದ 75. ಮೂರನೇ ಸಲವೂ ಆದರೆ 105. ಉದ್ದ ಎಣಿಸಿದರೆ ಸಾಕು, ಎಷ್ಟು ಸಲ ಎಸ್ಕೇಪ್ ಆಗಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಗುರುತು. ಕನ್ನಡದ ಅಕ್ಷರಗಳು ಯಾವಾಗಲೂ %ಇ0%ಬಿ2 ಅಥವಾ %ಇ0%ಬಿ3 ಅಂತಲೇ ಶುರುವಾಗುತ್ತವೆ. (ಲಾಗ್‌ನಲ್ಲಿ ಇ, ಬಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ.) ಪುಟದಲ್ಲಿ ತಲೆ ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ ² ಅಥವಾ ³, ಹೀಗೇ ಸಾಲಾಗಿ ಕಂಡರೆ ಅದು ಎಸ್ಕೇಪಿಂಗ್ ದೋಷವಲ್ಲ. ಯುಟಿಎಫ್-8 ಬೈಟ್‌ಗಳನ್ನು ಯಾರೋ ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಪದ್ಧತಿ) ಅಂದುಕೊಂಡು ಓದಿದ್ದಾರೆ. ಜಾವಾ ಆ್ಯಪ್ ಓಡಿಸುವ ಸರ್ವರ್ ಟಾಮ್‌ಕ್ಯಾಟ್ 7 ಮತ್ತು ಅದಕ್ಕಿಂತ ಹಳೆಯದರಲ್ಲಿ ಯುಆರ್‌ಎಲ್‌ಗೆ ಅದೇ ಡೀಫಾಲ್ಟ್ ಆಗಿತ್ತು, 8ರಿಂದ ಯುಟಿಎಫ್-8 ಆಯಿತು. ನಿಮಗೆ ಆ ತೊಂದರೆ ಇದ್ದಂತಿಲ್ಲ.

ನಾಲ್ಕೂ ಸಂದರ್ಭದ ಲಾಗ್ ಸಾಲು ಹಾಕಿ. ಜೊತೆಗೆ ಹುಡುಕಾಟದ ಲಿಂಕ್ ಕಟ್ಟುವ ಜಾವಾಸ್ಕ್ರಿಪ್ಟ್ ಸಾಲು, ಲಾಗಿನ್ ಪುಟದ ಫಾರಂ.

ಪುಸ್ತಕದ_ಕಪಾಟು:

ತುಂಬಾ ಥ್ಯಾಂಕ್ಸ್ ಸರ್. ಲಾಗಿನ್‌ಗೆ ಮುಂಚೆ 45, ಆದ ಮೇಲೆ 75! ‘ಸಿ++’ ಲಾಗ್‌ನಲ್ಲಿ ++ ಆಗಿಯೇ ಇದೆ, & ಕೂಡ ಹಾಗೇ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಡೀ ಲಿಂಕ್ ಕಟ್ಟಿ, ಕೊನೆಗೆ ಎನ್‌ಕೋಡ್‌ಯುಆರ್‌ಐ ಕರೆದಿದ್ದಾರೆ. ಲಾಗಿನ್ ಫಾರಂನಲ್ಲಿ ‘ನೆಕ್ಸ್ಟ್’ ಅನ್ನುವ ಹಿಡನ್ ಫೀಲ್ಡ್ (ಪುಟದಲ್ಲಿ ಕಾಣದ್ದು) ಇದೆ, ಲಾಗಿನ್ ಆದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದು ಅದರಲ್ಲಿರುತ್ತದೆ. ಅದರ ಬೆಲೆಗೆ ಪಿಎಚ್‌ಪಿಯ ಯುಆರ್‌ಎಲ್‌ಎನ್‌ಕೋಡ್ ಹಾಕಿದ್ದಾರೆ.

ಕೋಡಿನ_ಹುಡುಗ:

ನಮ್ಮಲ್ಲೂ ಹೀಗೇ ಆಗುತ್ತಿತ್ತು. ಸರ್ವರ್‌ನಲ್ಲಿ ಬಂದ ಬೆಲೆಗೆ ಇನ್ನೊಂದು ಸಲ ಯುಆರ್‌ಎಲ್‌ಡಿಕೋಡ್ ಹಾಕಿಬಿಡಿ, ಸರಿಹೋಗುತ್ತದೆ.

ಸರ್ವರ್_ಕಾವಲು:

ಅದು ಬೇಡ. ದಯವಿಟ್ಟು ಅದೊಂದು ಮಾತ್ರ ಮಾಡಬೇಡಿ. ಪಿಎಚ್‌ಪಿಯ ಗೆಟ್ ಅರೇಗೆ (ಯುಆರ್‌ಎಲ್‌ನ ? ನಂತರದ ಬೆಲೆಗಳು ಸಿಗುವ ಜಾಗ) ಬರುವ ಬೆಲೆ ಆಗಲೇ ಒಂದು ಸಲ ಬಿಡಿಸಿಯೇ ಬಂದಿರುತ್ತದೆ. ನಾಳೆ ‘ಸಿ++’ ಸರಿಯಾಗಿ %2ಬಿ%2ಬಿ ಆಗಿ ಬಂತು ಅನ್ನಿ. ಪಿಎಚ್‌ಪಿ ಅದನ್ನು ++ ಮಾಡಿ ಕೊಡುತ್ತದೆ. ನೀವು ಮತ್ತೊಮ್ಮೆ ಡಿಕೋಡ್ ಮಾಡಿದರೆ ಆ ಎರಡು ಪ್ಲಸ್ ಎರಡು ಖಾಲಿ ಜಾಗ ಆಗುತ್ತವೆ. ಒಂದು ದೋಷ ಮುಚ್ಚಲು ಹೋಗಿ ಇನ್ನೊಂದನ್ನು ಶಾಶ್ವತ ಮಾಡಿದಂತೆ.

ಸುರಕ್ಷತೆಯ ವಿಷಯವೂ ಇದೆ. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ 4 ಮತ್ತು 5ರಲ್ಲಿ ಇದೇ ಆಗಿತ್ತು. ಮೊದಲ ಡಿಕೋಡ್ ಆದ ಮೇಲೆ ಪಾತ್ (ಯುಆರ್‌ಎಲ್‌ನಲ್ಲಿ ಸೈಟ್ ಹೆಸರಿನ ನಂತರ, ? ಚಿಹ್ನೆಗೆ ಮುಂಚಿನ ಭಾಗ) ಸರಿ ಇದೆಯಾ ಅಂತ ಪರೀಕ್ಷೆ, ಆಮೇಲೆ ಇನ್ನೊಂದು ಅನಗತ್ಯ ಡಿಕೋಡ್. ಎರಡು ಸಲ ಎಸ್ಕೇಪ್ ಮಾಡಿ ಕಳಿಸಿದ ಪಾತ್ ಪರೀಕ್ಷೆ ದಾಟಿ, ಫೋಲ್ಡರ್‌ನಿಂದ ಆಚೆ ಹೋಗಿ, ಸರ್ವರ್ ಮೇಲೆ ಕಮಾಂಡ್ ಓಡಿಸುತ್ತಿತ್ತು. 2001ರ ಮೇ ತಿಂಗಳಲ್ಲಿ ಪ್ಯಾಚ್ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ನಿಮ್ಡಾ ವರ್ಮ್ ಹರಡಲು ಬಳಸಿದ ದಾರಿಗಳಲ್ಲಿ ಇದೂ ಒಂದು. ಯುಆರ್‌ಎಲ್ ಹೇಗಿರಬೇಕು ಅನ್ನುವ 2005ರ ಮಾನದಂಡ ಆರ್‌ಎಫ್‌ಸಿ 3986ರಲ್ಲಂತೂ ಒಂದೇ ಪಠ್ಯವನ್ನು ಒಂದಕ್ಕಿಂತ ಹೆಚ್ಚು ಸಲ ಎಸ್ಕೇಪ್ ಮಾಡಬಾರದು, ಬಿಡಿಸಲೂಬಾರದು ಅಂತ ನೇರವಾಗಿ ಬರೆದಿದೆ.

ಈಗ ನಿಮ್ಮ ತೊಂದರೆಗಳಿಗೆ ಬರೋಣ.

ಪ್ಲಸ್ ಮತ್ತು & ಎರಡಕ್ಕೂ ಕಾರಣ ಒಂದೇ. ಎನ್‌ಕೋಡ್‌ಯುಆರ್‌ಐ ಇಡೀ ಯುಆರ್‌ಎಲ್‌ಗಾಗಿ ಇರುವ ಫಂಕ್ಷನ್. &, +, #, ?, / ಇವೆಲ್ಲಾ ಯುಆರ್‌ಎಲ್‌ನ ಕಟ್ಟೋಣಕ್ಕೆ ಬೇಕು ಅಂತ ಅದು ಅವುಗಳನ್ನು ಮುಟ್ಟುವುದಿಲ್ಲ. ಅವು ಓದುಗ ಟೈಪ್ ಮಾಡಿದ ಪದದಿಂದ ಬಂದವೋ, ಲಿಂಕ್‌ನ ಭಾಗವೋ ಅಂತ ಕೊನೆಯಲ್ಲಿ ನೋಡಿದರೆ ಯಾರಿಗೂ ತಿಳಿಯದು. ಪದವನ್ನು ಲಿಂಕ್‌ಗೆ ಸೇರಿಸುವ ಮುಂಚೆಯೇ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಾಕಬೇಕು. ಅದಕ್ಕಿಂತ ಒಳ್ಳೆಯದು ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್: ಹೆಸರು, ಬೆಲೆ ಕೊಟ್ಟುಬಿಡಿ, ಎಸ್ಕೇಪ್ ಅದೇ ಮಾಡುತ್ತದೆ. ಮೇಲೆ ಮತ್ತೆ ಎನ್‌ಕೋಡ್‌ಯುಆರ್‌ಐ ಉಳಿಸಿಕೊಳ್ಳಬೇಡಿ. ಉಳಿಸಿದರೆ ಅಲ್ಲೂ 75 ಆಗುತ್ತದೆ.

ಖಾಲಿ ಜಾಗ + ಆಗುವುದು ? ಚಿಹ್ನೆಯ ನಂತರದ ಭಾಗದಲ್ಲಿ ಮಾತ್ರ, ಅದು ಎಚ್‌ಟಿಎಂಎಲ್ ಫಾರಂನ ಪದ್ಧತಿ. ಪಾತ್‌ನಲ್ಲಿ + ಅಂದರೆ + ಅಷ್ಟೇ. ಪಿಎಚ್‌ಪಿಯಲ್ಲಿ ಪಾತ್‌ಗೆ ರಾಯುಆರ್‌ಎಲ್‌ಎನ್‌ಕೋಡ್ ಬಳಸಿ, ಅದು %20 ಕೊಡುತ್ತದೆ.

ಲಾಗಿನ್ ವಿಷಯ. ಹಿಡನ್ ಫೀಲ್ಡ್‌ನ ಬೆಲೆಯನ್ನು ಫಾರಂ ಕಳಿಸುವಾಗ ಬ್ರೌಸರ್ ತಾನೇ ಎಸ್ಕೇಪ್ ಮಾಡುತ್ತದೆ. ನಿಮ್ಮ ಕೋಡ್ ಮುಂಚೆಯೇ ಒಂದು ಸಲ ಮಾಡಿಟ್ಟಿದೆ. ಪಿಎಚ್‌ಪಿ ಬಿಡಿಸುವುದು ಒಂದೇ ಪದರ, ಇನ್ನೊಂದು ಹಾಗೇ ಉಳಿಯುತ್ತದೆ. ಅಲ್ಲಿ ಬೇಕಾಗಿರುವುದು ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಮಾತ್ರ. ಯಾಕೆಂದರೆ ಆ ಬೆಲೆ ಕೂತಿರುವುದು ಎಚ್‌ಟಿಎಂಎಲ್ ಒಳಗೆ, ಯುಆರ್‌ಎಲ್ ಒಳಗಲ್ಲ. ಹಾಗೇ ‘ನೆಕ್ಸ್ಟ್’ ಬೆಲೆ ಒಂದೇ ಒಂದು / ಚಿಹ್ನೆಯಿಂದ ಶುರುವಾಗಿದೆಯಾ ಅಂತ ಪರೀಕ್ಷಿಸಿ. // ಇದ್ದರೆ ಬ್ರೌಸರ್ ಅದನ್ನು ಬೇರೆ ಸೈಟ್‌ನ ವಿಳಾಸ ಅಂತ ತಿಳಿಯುತ್ತದೆ.

404 ಬೇರೆ ಜಾತಿ. ನಿಮಗೆ ಕಾಣುವುದು ಅಪಾಚೆಯ ಬೋಳು 404 ಪುಟವೋ, ನಿಮ್ಮ ಆ್ಯಪ್‌ನದೋ?

ಪುಸ್ತಕದ_ಕಪಾಟು:

ನಮ್ಮ ಆ್ಯಪ್‌ನದೇ ಸರ್, ಕಾಲೇಜಿನ ಲೋಗೋ ಸಮೇತ. ಮೊದಲ ಮೂರೂ ಸರಿಯಾದವು! ಎಲ್ಲಾ ಕಡೆ 45.

ಸರ್ವರ್_ಕಾವಲು:

ಬಹಳ ಸಂತೋಷ. ಹಾಗಾದರೆ %2ಎಫ್ ಅನ್ನು ಎಂಜಿನ್‌ಎಕ್ಸ್ ಬಿಡಿಸಿ / ಮಾಡಿ ಒಳಗೆ ಕಳಿಸುತ್ತಿದೆ. ‘2018’ ಒಂದು ಭಾಗ, ‘19’ ಇನ್ನೊಂದು ಭಾಗ ಆಗಿ ನಿಮ್ಮ ಆ್ಯಪ್‌ಗೆ ದಾರಿ ಸಿಗುತ್ತಿಲ್ಲ. ಎಂಜಿನ್‌ಎಕ್ಸ್ ಸೆಟ್ಟಿಂಗ್‌ನಲ್ಲಿ ಅಪಾಚೆಗೆ ಕಳಿಸುವ ಪ್ರಾಕ್ಸಿ ಪಾಸ್ ಸಾಲಿನ ಕೊನೆಯಲ್ಲಿ / ಇದೆಯಾ ನೋಡಿ. ಅಲ್ಲಿ ಪಾತ್ ಅಂತ ಏನಾದರೂ ಇದ್ದರೆ, ಬರೀ / ಆದರೂ ಸರಿ, ಎಂಜಿನ್‌ಎಕ್ಸ್ ತಾನು ಬಿಡಿಸಿದ ರೂಪವನ್ನು ಕಳಿಸುತ್ತದೆ. ತೆಗೆದರೆ ಬಂದದ್ದನ್ನು ಬಂದ ಹಾಗೇ ಕಳಿಸುತ್ತದೆ.

ತೆಗೆದ ಮೇಲೆ ಅಪಾಚೆಯ ಬೋಳು 404 ಬರುತ್ತದೆ, ಗಾಬರಿಯಾಗಬೇಡಿ. ಪಾತ್‌ನಲ್ಲಿ %2ಎಫ್ ಕಂಡರೆ ಅಪಾಚೆ ಡೀಫಾಲ್ಟ್ ಆಗಿ ನಿರಾಕರಿಸುತ್ತದೆ. ಅಲೋ ಎನ್‌ಕೋಡೆಡ್ ಸ್ಲ್ಯಾಶಸ್ ಅನ್ನುವ ಸೆಟ್ಟಿಂಗ್‌ಗೆ ‘ನೋಡಿಕೋಡ್’ ಅಂತ ನಿಮ್ಮ ವರ್ಚುವಲ್ ಹೋಸ್ಟ್ ಒಳಗೇ ಕೊಡಬೇಕು.

ಆದರೆ ನನ್ನನ್ನು ಕೇಳಿದರೆ ಈ ಎರಡೂ ಬೇಡ. / ಇರುವ ಬೆಲೆಯನ್ನು ಪಾತ್‌ಗೆ ಹಾಕುವುದೇ ಬಿಡಿ. ಸಂಚಿಕೆಯ ಐಡಿ ಸಂಖ್ಯೆ ಹಾಕಿ, ಇಲ್ಲವೇ ? ನಂತರದ ಭಾಗಕ್ಕೆ ತಳ್ಳಿ. ನಾಳೆ ನಡುವೆ ಇನ್ನೊಂದು ಪ್ರಾಕ್ಸಿ ಬಂದರೂ ನಿಮ್ಮ ಲಿಂಕ್ ಕೆಡುವುದಿಲ್ಲ.

ಲಿಪಿ_ಪ್ರಿಯೆ:

ಒಂದು ಸೇರಿಸುತ್ತೇನೆ. ‘ರಾಜ್‌ಕುಮಾರ್’ ಥರದ ಹೆಸರಿನ ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರ ಇರುತ್ತದೆ. ಲಾಗ್‌ನಲ್ಲಿ ಅದು %ಇ2%80%8ಸಿ. ಕೆಲವರು ಟೈಪ್ ಮಾಡುವಾಗ ಅದು ಬರುತ್ತದೆ, ಕೆಲವರಿಗೆ ಬರುವುದಿಲ್ಲ. ‘ೋ’ ಕೂಡ ಒಂದೇ ಅಕ್ಷರವಾಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಎಸ್ಕೇಪಿಂಗ್ ಸರಿ ಇದ್ದೂ ಪುಸ್ತಕ ಸಿಗದಿದ್ದರೆ ಇದನ್ನು ನೋಡಿ. ತುಂಡುಗಳನ್ನು ಎನ್‌ಎಫ್‌ಸಿ (ಯೂನಿಕೋಡ್‌ನ ಒಂದೇ ಮಾದರಿಯ ಜೋಡಿಸಿದ ರೂಪ) ಮಾಡಿದರೆ ಸೇರುತ್ತವೆ, ಆದರೆ ಆ ಕಾಣದ ಅಕ್ಷರ ಹೋಗುವುದಿಲ್ಲ. ಅದನ್ನು ಹುಡುಕಾಟಕ್ಕೆ ಬಳಸುವ ಕಾಲಮ್‌ನಲ್ಲಿ ಮಾತ್ರ ತೆಗೆಯಿರಿ, ಪುಸ್ತಕದ ಹೆಸರಿನಲ್ಲಿ ಇರಲಿ. ಅಲ್ಲಿ ತೆಗೆದರೆ ಹೆಸರು ಒತ್ತಕ್ಷರವಾಗಿ ಕಾಣುತ್ತದೆ.

ಪುಸ್ತಕದ_ಕಪಾಟು:

ಮೇಡಂ, ಇದು ನಿಜಕ್ಕೂ ಉಪಕಾರವಾಯಿತು, ಇಂಥ ಹೆಸರುಗಳು ನಮ್ಮಲ್ಲಿ ಜಾಸ್ತಿ. ಸಂಚಿಕೆಗೆ ಐಡಿ ಹಾಕಿದೆ, ತೆರೆಯುತ್ತಿದೆ. ಒಂದು ಉಳಿದಿದೆ: ಹಳೆಯ, ಕೆಟ್ಟ ಲಿಂಕ್‌ಗಳನ್ನು ವಿದ್ಯಾರ್ಥಿಗಳು ವಾಟ್ಸಾಪ್ ಗುಂಪುಗಳಲ್ಲಿ ಹಂಚಿಬಿಟ್ಟಿದ್ದಾರೆ. ಅವನ್ನು ಏನು ಮಾಡಲಿ?

ಸರ್ವರ್_ಕಾವಲು:

ಅದಕ್ಕೆ ಒಂದು ಸಣ್ಣ ರೀಡೈರೆಕ್ಟ್ ಸಾಕು. ಪಿಎಚ್‌ಪಿ ಬಿಡಿಸಿ ಕೊಟ್ಟ ಮೇಲೂ ಹುಡುಕಾಟದ ಪದ %ಇ0%ಬಿ2 ಅಥವಾ %ಇ0%ಬಿ3 ಅಂತ ಶುರುವಾದರೆ ಮಾತ್ರ ಇನ್ನೊಂದು ಸಲ ಬಿಡಿಸಿ, ಸರಿಯಾದ ಲಿಂಕ್ ಕಟ್ಟಿ, 301 (ವಿಳಾಸ ಶಾಶ್ವತವಾಗಿ ಬದಲಾಗಿದೆ ಅನ್ನುವ ಉತ್ತರ) ಕಳಿಸಿ. ಪುಸ್ತಕ ಹುಡುಕುವವರು ಯಾರೂ ಆ ಅಕ್ಷರಗಳನ್ನು ಬೇಕೆಂದು ಟೈಪ್ ಮಾಡುವುದಿಲ್ಲ, ಹಾಗಾಗಿ ‘ಸಿ++’ಗೆ ತೊಂದರೆ ಆಗದು. ಬೇರೆ ಯಾವ ಬೆಲೆಗೂ ಇದನ್ನು ಹಚ್ಚಬೇಡಿ. ರೀಡೈರೆಕ್ಟ್ ಆದಾಗಲೆಲ್ಲಾ ಲಾಗ್‌ಗೆ ಒಂದು ಸಾಲು ಬರೆಯಿರಿ, ಆ ಸಾಲು ಬರುವುದು ನಿಂತ ಮೇಲೆ ಕೋಡ್ ತೆಗೆದುಹಾಕಿ.