ಮಳೆ ಬಂದಾಗ ಮಾತ್ರ ಪಿ0405: ಇಜಿಆರ್ ವಾಲ್ವ್ ಬದಲಿಸಬೇಕಾ?

ಪ್ರಶ್ನೆ (ತೀರ್ಥಹಳ್ಳಿ): ಡೀಸೆಲ್ ಕಾರು, 5 ಪಿನ್ನಿನ ಎಲೆಕ್ಟ್ರಿಕ್ ಇಜಿಆರ್ ವಾಲ್ವ್ (ಎಂಜಿನ್ನಿನ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸೋದು). ಜೋರು ಮಳೆ ಹಿಡಿದ್ರೆ ಚೆಕ್ ಎಂಜಿನ್ ದೀಪ ಹತ್ತುತ್ತೆ, ಆಗುಂಬೆ ಘಾಟಿ ಏರುವಾಗ ಪಿಕಪ್ಪೇ ಇರಲ್ಲ. ಸ್ಕ್ಯಾನರಿನಲ್ಲಿ ಬರೋ ದೋಷದ ಕೋಡ್ ಪಿ0405. ಎರಡು ದಿನ ಬಿಸಿಲು ಬಿದ್ರೆ ತಾನಾಗೇ ಸರಿ. ವಾಲ್ವ್ ಬಿಚ್ಚಿ ಮಸಿ ತೆಗೆದದ್ದೂ ಆಯ್ತು. ಗ್ಯಾರೇಜಿನಲ್ಲಿ ಹೊಸ ವಾಲ್ವೇ ಹಾಕಿ ಅಂತಾರೆ.

ಉತ್ತರ (ಸಾಗರ): ಸ್ವಲ್ಪ ತಡೀರಿ ಮಾರಾಯ್ರೆ. ಮಸಿ ಕಟ್ಟಿ ಹೊಗೆ ಹರಿವು ಕಮ್ಮಿಯಾದ್ರೆ ಬರೋದು ಪಿ0401, ವಾಲ್ವ್ ಸಿಕ್ಕಿಕೊಂಡ್ರೆ ಸಾಮಾನ್ಯವಾಗಿ ಪಿ0404. 0405 ಅಂದ್ರೆ ವಾಲ್ವ್ ಎಷ್ಟು ತೆರೆದಿದೆ ಅಂತ ಹೇಳೋ ಸೆನ್ಸರಿನ ಸಿಗ್ನಲ್ ವೋಲ್ಟೇಜ್ ತೀರಾ ಕೆಳಗಿದೆ ಅಂತ. ಅದು ಕರೆಂಟಿನ ತೊಂದರೆ, ಮಸಿಯದ್ದಲ್ಲ. ಬಿಸಿಲಿಗೆ ಸರಿಹೋಗುತ್ತೆ ಅಂದ ಮೇಲೆ ಮೊದಲ ಅನುಮಾನ ಕನೆಕ್ಟರ್, ವೈರಿನ ಮೇಲೆ.

ಐದು ಪಿನ್ನಿನಲ್ಲಿ ಎರಡು ಮೋಟರಿನದು, ಮೂರು ಸೆನ್ಸರಿನದು: 5 ವೋಲ್ಟ್, ಅರ್ಥ್, ಸಿಗ್ನಲ್. ಬಣ್ಣ ಕಾರಿನಿಂದ ಕಾರಿಗೆ ಬೇರೆ, ವೈರಿಂಗ್ ನಕ್ಷೆ ನೋಡದೆ ಕೈಹಾಕಬೇಡಿ. ಕೀ ಆಫ್ ಮಾಡಿ ಕನೆಕ್ಟರ್ ಕಳಚಿ, ಪಿನ್ನಿನಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಆಮೇಲೆ ಕೀ ಆನ್, ಎಂಜಿನ್ ಆಫ್. ವೈರಿನ ಕಡೆಯ ಕನೆಕ್ಟರಿನಲ್ಲಿ 5 ವೋಲ್ಟ್ ಮತ್ತು ಅರ್ಥ್ ನಡುವೆ ಅಳೆಯಿರಿ, 4.9ರಿಂದ 5.1 ಬರಬೇಕು. ಮಲ್ಟಿಮೀಟರಿನ ದಪ್ಪ ಮುಳ್ಳನ್ನು ಪಿನ್ನಿನೊಳಗೆ ತುರುಕಿದ್ರೆ ಅದು ಅಗಲವಾಗಿ ಹೊಸ ಲೂಸ್ ಕನೆಕ್ಷನ್ ಹುಟ್ಟುತ್ತೆ. ತೆಳು ಪಿನ್ ಬಳಸಿ.

5 ವೋಲ್ಟ್ ಸರಿ ಬಂದ್ರೆ, 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಆ 5 ವೋಲ್ಟನ್ನು ಸಿಗ್ನಲ್ ಪಿನ್ನಿಗೆ ಕೊಟ್ಟು ಸ್ಕ್ಯಾನರಿನ ಲೈವ್ ಡೇಟಾ ನೋಡಿ. ವೋಲ್ಟೇಜ್ ಮೇಲೇರಿದ್ರೆ ವೈರು, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಸರಿ, ಸೆನ್ಸರ್ ಹಾಳು. ಏರದಿದ್ರೆ ವೈರು ಹುಡುಕಿ. ಮೋಟರ್ ಪಿನ್ನಿಗೆ ಮಾತ್ರ ತಾಗಿಸಬೇಡಿ.

ಪ್ರಶ್ನೆ: 5.02 ಇದೆ. ರೆಸಿಸ್ಟರ್ ಹಾಕಿದಾಗ ಏರುತ್ತೆ, ಆದ್ರೆ ವೈರು ಅಲುಗಾಡಿಸಿದ್ರೆ ಸೊನ್ನೆಗೆ ಬೀಳುತ್ತೆ. ಬ್ರಾಕೆಟ್ ಹತ್ತಿರ ಇಲಿ ಕಡಿದ ಗುರುತಿದೆ. ಇನ್ಸುಲೇಷನ್ ಟೇಪ್ ಸುತ್ತಿದ್ರೆ ಸಾಕಲ್ವಾ? ಇಜಿಆರ್‌ಗೆ ಪ್ಲೇಟ್ ಹಾಕಿ ಮುಚ್ಚಿಬಿಡಿ ಅಂತಾನೂ ಒಬ್ರು ಹೇಳಿದ್ರು.

ಉತ್ತರ (ಶಿವಮೊಗ್ಗ): ಕಳ್ಳ ಸಿಕ್ಕ. ಬರೀ ಟೇಪ್ ಬೇಡ, ನಮ್ಮ ಮಳೆಗೆ ಅದರೊಳಗೆ ನೀರು ನಿಂತು ಮತ್ತೆ ಇದೇ ಕತೆ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಕಡಿದ ಜಾಗದಲ್ಲಿ ತಾಮ್ರ ಕಪ್ಪಾಗಿದ್ರೆ ಹೊಳೆಯೋ ತಾಮ್ರ ಸಿಗೋವರೆಗೂ ಕತ್ತರಿಸಿ, ಅಷ್ಟೇ ದಪ್ಪದ ತುಂಡು ವೈರು ಸೇರಿಸಿ. ಬೆಸುಗೆ ಹಾಕೋ ಮೊದಲೇ ಒಳಗಡೆ ಅಂಟು ಸವರಿರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ ಕೊಳವೆ) ವೈರಿಗೆ ತೂರಿಸಿಡಿ. ಇದನ್ನ ಮರೆತು ಬೆಸುಗೆ ಕೀಳೋದು ಎಲ್ಲರಿಗೂ ಆಗೋ ಕೆಲಸ. ಹಲವು ವೈರು ಕಡಿದಿದ್ರೆ ಜೋಡಣೆಗಳು ಒಂದೇ ಜಾಗದಲ್ಲಿ ಬರದಂತೆ ಹಿಂದೆಮುಂದೆ ಮಾಡಿ. ಮೇಲೆ ಸುಕ್ಕು ಪೈಪ್ ಹಾಕಿ, ಸೈಲೆನ್ಸರ್ ಪೈಪಿನ ಬಿಸಿ ತಾಗದಂತೆ ಕಟ್ಟಿ. ಕನೆಕ್ಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಿಸಿ, ರಬ್ಬರ್ ಸೀಲ್ ಹರಿದಿದೆಯಾ ನೋಡಿ.

ಪ್ಲೇಟಿನ ಮಾತು ಬಿಡಿ. ಮುಚ್ಚಿದ್ರೂ ವೈರು ಹಾಗೇ ಇರುತ್ತಲ್ಲ, 0405 ಹೋಗಲ್ಲ; ಮೇಲಿಂದ 0401 ಸೇರಿಕೊಳ್ಳಬಹುದು, ನೈಟ್ರೋಜನ್ ಆಕ್ಸೈಡ್ ಹೊಗೆಯೂ ಜಾಸ್ತಿ.

ಕೋಡ್ ಅಳಿಸಿದ ಮೇಲೆ ಲೈವ್ ಡೇಟಾದಲ್ಲಿ ಇಸಿಯು ಕೇಳಿದ ಶೇಕಡಾ, ವಾಲ್ವ್ ನಿಜವಾಗಿ ತೆರೆದ ಶೇಕಡಾ ಒಟ್ಟೊಟ್ಟಿಗೆ ಏರಿಳಿಯುತ್ತವಾ ನೋಡಿ. ವಾಲ್ವ್ ಒಮ್ಮೆ ಬಿಚ್ಚಿದ್ದೀರಲ್ಲ, ಹಳೇ ಗ್ಯಾಸ್ಕೆಟನ್ನೇ ಹಾಕಿದ್ರೆ ಅದನ್ನೂ ಬದಲಿಸಿ.