ಸಹಾಯ ಬೇಕು: ನನ್ನ ಬರವಣಿಗೆ ಬದಲಾಗಿದ್ದನ್ನು ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಕಾಲೇಜಿನ ಮೊದಲ ವರ್ಷದ ಕಾಂಪೊಸಿಷನ್ (ಪ್ರಬಂಧ ಬರವಣಿಗೆ) ಕೋರ್ಸ್ ಮುಗಿಸುತ್ತಿದ್ದೇನೆ. ಬರವಣಿಗೆಯಲ್ಲಿ ಹೇಗೆ ಬೆಳೆದೆ ಅಂತ 2 ಪುಟ ಬರೆದು ಶುಕ್ರವಾರ ಕೊಡಬೇಕು.

ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಪ್ರಬಂಧ ಅಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಒಂದೇ ಸಲ ಬರೆದು ಕೊಡುವುದು. ಇಲ್ಲಿ ಒಂದೊಂದಕ್ಕೂ 3 ಡ್ರಾಫ್ಟ್. ಅಜ್ಜಿಯ ರಾಗಿ ಕಣದ ಬಗ್ಗೆ ಬರೆದಾಗ ಸಹಪಾಠಿಯೊಬ್ಬಳು ನನ್ನ ಡ್ರಾಫ್ಟ್ ಓದಿ, ‘ಅಲ್ಲಿ ಯಾವ ಸದ್ದು ಕೇಳಿಸುತ್ತಿತ್ತು?’ ಅಂತ ಪಕ್ಕದಲ್ಲಿ ಬರೆದಿದ್ದಳು. ಆ ಪ್ರಶ್ನೆಯಿಂದ ಇಡೀ ಪ್ಯಾರಾ ಮತ್ತೆ ಬರೆದೆ. ನಾನು ಜಾಸ್ತಿ ಕಲಿತದ್ದು ಅಲ್ಲೇ.

ಸುಮ್ನೆ ‘ತುಂಬಾ ಸುಧಾರಿಸಿದೆ’ ಅಂತ ಬರೆಯಲು ಮನಸ್ಸಿಲ್ಲ. ಹಳೆಯ ಸಾಲು, ಹೊಸ ಸಾಲು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬಹುದಾ? ಇಂಥದ್ದನ್ನು ಬರೆದವರು, ಕಲಿಸಿದವರು ಇದ್ದರೆ ದಯವಿಟ್ಟು ತಿಳಿಸಿ.